ಹಸ್ತಪ್ರತಿ ದಾಖಲೆಗಳ ಜೇಸನ್ ರೂಪ: ಯಾದಗಿರಿ, ಶಹಾಪುರ, ಸುರಪುರ ಸೀಮೆಯ ನಿದರ್ಶನಗಳೊಡನೆ ಒಂದು ವಿವೇಚನೆ

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಗೊಮ್ಮಟಸಾರದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಹೇಳಿರುವ ಕ್ರಮವು ವಿದ್ವಾಂಸರಿಗೆ ಸುಪರಿಚಿತವಾದುದು. ದ್ವಿರೂಪವರ್ಗಧಾರೆಯ ಐದನೆಯ ವರ್ಗವನ್ನು ಆರನೆಯ ವರ್ಗದಿಂದ ಗುಣಿಸಿದಾಗ ದೊರೆಯುವ ಈ ಸಂಖ್ಯೆಯಲ್ಲಿ 29 ಅಂಕೆಗಳಿವೆ: 79228162514264337593543950336. ಇಷ್ಟು ದೀರ್ಘವಾದ ಅಂಕಸಮೂಹವನ್ನು ಗಾಥೆಯೊಳಗೆ ನೇರವಾಗಿ ಇಡುವುದು ಶಕ್ಯವಲ್ಲ. ಆದುದರಿಂದ ಆಚಾರ್ಯನು ಕಟಪಯಾದಿ ಕ್ರಮದಲ್ಲಿ ಒಂದೊಂದು ಅಂಕೆಗೂ ಒಂದೊಂದು ಅಕ್ಷರವನ್ನು ನಿಲ್ಲಿಸಿ, ಅಂಕಗಳು ಬಲದಿಂದ ಎಡಕ್ಕೆ ನಡೆಯುತ್ತವೆಂಬ ಸಂಪ್ರದಾಯವನ್ನು ಅನುಸರಿಸಿದ್ದಾನೆ. ಗಾಥೆಯ ಮೊದಲಕ್ಷರವಾದ ತಕಾರವು ಸಂಖ್ಯೆಯ ಕೊನೆಯ ಅಂಕೆಯಾದ 6ನ್ನು ಸೂಚಿಸುತ್ತದೆ. ನಿಯಮವನ್ನು ಬಲ್ಲವನು ಗಾಥೆಯಿಂದ 29 ಅಂಕೆಗಳನ್ನೂ ತಪ್ಪಿಲ್ಲದೆ ಮರಳಿ ಪಡೆಯುತ್ತಾನೆ. ನಿಯಮವನ್ನು ಅರಿಯದವನಿಗೆ ಅದು ಬರಿಯ ಶಬ್ದಗಳ ಸಾಲಾಗಿ ತೋರುತ್ತದೆ.

ಇಂದಿನ ಗಣಕಶಾಸ್ತ್ರದಲ್ಲಿ ಸೀರಿಯಲೈಸೇಷನ್ ಎಂದು ಕರೆಯುವ ಕಾರ್ಯವು ಸ್ವರೂಪದಲ್ಲಿ ಇದಕ್ಕಿಂತ ಭಿನ್ನವಾದುದಲ್ಲ. ಗಣಕದ ಸ್ಮೃತಿಯಲ್ಲಿ ಅನೇಕ ಅಂಗಗಳಿಂದ ಕೂಡಿ ನಿಂತಿರುವ ಒಂದು ವಸ್ತುವನ್ನು ಸಾಲಾದ ಅಕ್ಷರಗಳಾಗಿ ಬರಹಕ್ಕಿಳಿಸುವುದು, ಆ ಬರಹದಿಂದ ಅದೇ ವಸ್ತುವನ್ನು ಮತ್ತೆ ಎತ್ತಿ ನಿಲ್ಲಿಸುವುದು, ಇವೆರಡೂ ಸೇರಿದರೆ ಈ ಕಾರ್ಯವು ಪೂರ್ಣವಾಗುತ್ತದೆ. ಹಸ್ತಪ್ರತಿ ಸೂಚಿಗಳು ಈಗ ಗಣಕಕ್ಕೆ ಏರುತ್ತಿರುವುದರಿಂದ ಈ ಬರಹದ ನಿಯಮಗಳನ್ನು ಯಾರು ನಿರ್ಣಯಿಸಬೇಕು, ಹೇಗೆ ನಿರ್ಣಯಿಸಬೇಕು ಎಂಬ ಪ್ರಶ್ನೆಯು ಗ್ರಂಥಸಂಪಾದನೆಯ ಕ್ಷೇತ್ರಕ್ಕೂ ಸೇರಿದುದಾಗಿದೆ. ನಿಯಮವನ್ನು ಯಂತ್ರದ ರೂಢಿಗೆ ಬಿಟ್ಟರೆ ಓಲೆಯಲ್ಲಿ ಉಳಿದಿರುವ ಸಂಗತಿಯೇ ದಾಖಲೆಯಲ್ಲಿ ನಷ್ಟವಾಗುವ ಸಂಭವವುಂಟು. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ದಾಖಲೆಗಳಲ್ಲಿ ಈ ಸಂಭವವು ಹೆಚ್ಚು. ಒಂದೇ ಊರಿನಲ್ಲಿ ಹಲವು ಲಿಪಿಗಳು, ಹಲವು ಶಕೆಗಳು, ಹಲವು ಆಡಳಿತಗಳು ಕಂಡುಬರುವ ನಾಡು ಇದು.

1. ಜೇಸನ್ ಬರಹದ ಸ್ವರೂಪ

ಜೇಸನ್ ಎಂಬುದು ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್ ನೊಟೇಷನ್ ಎಂಬ ಹೆಸರಿನ ಹ್ರಸ್ವರೂಪ. ಡಗ್ಲಸ್ ಕ್ರಾಕ್‌ಫರ್ಡ್ ಎಂಬ ಅಮೆರಿಕದ ಗಣಕತಜ್ಞನು 2001ರ ಸುಮಾರಿನಲ್ಲಿ ಇದನ್ನು ನಿರೂಪಿಸಿ ಪ್ರಚಾರಕ್ಕೆ ತಂದನು. 2013ರಲ್ಲಿ ಎಕ್ಮಾ ಸಂಸ್ಥೆಯು ಇದನ್ನು ತನ್ನ 404ನೆಯ ಪ್ರಮಾಣವಾಗಿ ಅಂಗೀಕರಿಸಿತು. 2017ರಲ್ಲಿ ಅಂತರಜಾಲದ ಪ್ರಮಾಣಗಳ ಮಾಲೆಯಲ್ಲಿ 8259ನೆಯ ಪತ್ರವಾಗಿಯೂ ಪ್ರಕಟವಾಯಿತು. ಮನುಷ್ಯನೂ ಓದಬಲ್ಲ, ಯಂತ್ರವೂ ಓದಬಲ್ಲ ಸರಳವಾದ ಬರಹವಾದುದರಿಂದ ಗ್ರಂಥಾಲಯಗಳ ಸೂಚಿಗಳಿಂದ ಮೊದಲುಗೊಂಡು ಬ್ಯಾಂಕಿನ ಲೆಕ್ಕದವರೆಗೆ ಇದರ ಬಳಕೆಯಿದೆ.

ಈ ಬರಹಕ್ಕೆ ಆರು ಬಗೆಯ ಮೌಲ್ಯಗಳು ಮಾತ್ರ ತಿಳಿದಿವೆ. ಅಕ್ಷರಗಳ ಸಾಲು, ಸಂಖ್ಯೆ, ಹೌದು-ಅಲ್ಲ ಎಂಬ ನಿರ್ಣಯ, ನಲ್ ಎಂಬ ಶೂನ್ಯಸೂಚಕ, ಅನುಕ್ರಮವುಳ್ಳ ಪಟ್ಟಿ ಹಾಗೂ ಹೆಸರು-ಮೌಲ್ಯಗಳ ಜೋಡಿಗಳ ಸಮೂಹ, ಇವೇ ಆ ಆರು. ತಿಥಿ, ಸಂವತ್ಸರ, ಗರಿ, ಲಿಪಿ, ಪಾಠಾಂತರ ಮೊದಲಾದುವು ಇದರಲ್ಲಿಲ್ಲ. ಅವನ್ನು ಈ ಆರರಲ್ಲೇ ಯಾವುದಾದರೊಂದು ಬಗೆಯಾಗಿ ಇಳಿಸಬೇಕು. ಇಳಿಸುವ ರೀತಿಯನ್ನು ನಿರ್ಣಯಿಸುವುದೇ ಪ್ರಸ್ತುತ ವಿಷಯ.

2. ಯಂತ್ರದ ರೂಢಿ ಮತ್ತು ಸೂಚಿಕಾರನ ನಿಯಮ

ಆರು ಬಗೆಗಳಿಗೆ ಹೊರತಾದ ವಸ್ತುವು ಎದುರಾದಾಗ ಪ್ರೋಗ್ರಾಂ ಭಾಷೆಗಳು ಎರಡು ವಿಧವಾಗಿ ವರ್ತಿಸುತ್ತವೆ. ಪೈಥಾನ್ ಭಾಷೆಯು ಅಂಥ ವಸ್ತುವನ್ನು ಬರೆಯಲಾಗದೆಂದು ದೋಷಸೂಚನೆಯನ್ನು ಕೊಟ್ಟು ನಿಂತುಬಿಡುತ್ತದೆ. ಜಾವಾಸ್ಕ್ರಿಪ್ಟ್ ಭಾಷೆಯು ಹಲವು ಸಂದರ್ಭಗಳಲ್ಲಿ ಮಾತನಾಡದೆ ಮುಂದೆ ಸಾಗುತ್ತದೆ: ಮ್ಯಾಪ್ ಎಂಬ ಜಾತಿಯ ಕೋಶದಲ್ಲಿ ನೂರು ನಮೂದುಗಳಿದ್ದರೂ ಬರಿದಾದ ಆವರಣವನ್ನು ಬರೆಯುತ್ತದೆ, ಮೌಲ್ಯವೇ ನಿಗದಿಯಾಗದ ಹೆಸರನ್ನು ಬರಹದಿಂದ ಕೈಬಿಡುತ್ತದೆ. ನಿಂತುಬಿಡುವ ಯಂತ್ರಕ್ಕಿಂತ ಸುಮ್ಮನೆ ಸಾಗುವ ಯಂತ್ರವೇ ಹೆಚ್ಚು ಅಪಾಯಕರವೆಂಬುದು ಸ್ಪಷ್ಟ. ಗರಿಯನ್ನು ಬಿಟ್ಟು ನಕಲು ಮಾಡಿದ ಲಿಪಿಕಾರನು ಬಿಟ್ಟ ಸ್ಥಳವನ್ನು ಗುರುತಿಸದಿದ್ದರೆ ಮುಂದಿನ ಪ್ರತಿಗಳೆಲ್ಲವೂ ಆ ಗ್ರಂಥಪಾತವನ್ನು ಪೂರ್ಣಪಾಠವೆಂದೇ ಭ್ರಮಿಸುವಂತೆ ಇಲ್ಲಿಯೂ ಆಗುತ್ತದೆ.

ಇದಕ್ಕೆ ಪರಿಹಾರವಾಗಿ ಸ್ವಂತ ನಿಯಮವನ್ನು ಹೇಳುವ ಮಾರ್ಗಗಳನ್ನು ಭಾಷೆಗಳೇ ಒದಗಿಸಿವೆ. ಅವುಗಳಲ್ಲಿ ಮೂರು ಮುಖ್ಯವಾದುವು. ಮೊದಲನೆಯದರಲ್ಲಿ ವಸ್ತುವೇ ತನ್ನನ್ನು ಬರೆಯುವ ಬಗೆಯನ್ನು ತಿಳಿದಿರುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ವಸ್ತುವಿಗೆ ಟು-ಜೇಸನ್ ಎಂಬ ಫಂಕ್ಷನ್ ಇದ್ದರೆ ಯಂತ್ರವು ಅದನ್ನು ಕರೆದು ಅದು ಕೊಟ್ಟುದನ್ನು ಬರೆಯುತ್ತದೆ. ಎರಡನೆಯದರಲ್ಲಿ ಬರೆಯುವವನ ಕೈಯಲ್ಲಿ ನಿಯಮವಿರುತ್ತದೆ. ಪೈಥಾನಿನಲ್ಲಿ ಡೀಫಾಲ್ಟ್ ಎಂಬ ಹೆಸರಿನ ಫಂಕ್ಷನನ್ನು ಒಪ್ಪಿಸಿದರೆ ತನಗೆ ತಿಳಿಯದ ವಸ್ತುವನ್ನೆಲ್ಲ ಯಂತ್ರವು ಅದರ ಬಳಿಗೆ ಕಳಿಸುತ್ತದೆ. ಮೂರನೆಯದರಲ್ಲಿ ಬರೆಯುವ ಮೊದಲೇ ಸೂಚಿಕಾರನು ದಾಖಲೆಯನ್ನು ಆರು ಬಗೆಗಳಿಗೆ ಹೊಂದುವ ಮತ್ತೊಂದು ದಾಖಲೆಯಾಗಿ ಪರಿವರ್ತಿಸಿಕೊಂಡು, ಅದನ್ನು ಮಾತ್ರ ಯಂತ್ರಕ್ಕೆ ಕೊಡುತ್ತಾನೆ.

ಇಲ್ಲಿ ಒಂದು ಸೂಕ್ಷ್ಮವನ್ನು ಲಕ್ಷಿಸಬೇಕು. ಪೈಥಾನಿನ ಡೀಫಾಲ್ಟ್ ಫಂಕ್ಷನ್ನಿಗೆ ಕರೆ ಬರುವುದು ಯಂತ್ರಕ್ಕೆ ತಿಳಿಯದ ವಸ್ತುವಿನ ವಿಷಯದಲ್ಲಿ ಮಾತ್ರ. ಶಕವರ್ಷವೆಂಬ ಹೊಸ ಜಾತಿಯನ್ನು ಪೂರ್ಣಾಂಕದ ಉಪಜಾತಿಯಾಗಿ ರಚಿಸಿದ್ದರೆ ಯಂತ್ರವು ಅದನ್ನು ತಿಳಿದ ವಸ್ತುವೆಂದೇ ಬಗೆದು ಬರಿಯ ಸಂಖ್ಯೆಯಾಗಿ ಬರೆದುಬಿಡುತ್ತದೆ. ನಿಯಮವನ್ನು ಕೇಳುವುದೇ ಇಲ್ಲ. ದೋಷಸೂಚನೆಯೂ ಬರುವುದಿಲ್ಲ. ಆದುದರಿಂದ ವಿಶೇಷಾರ್ಥವುಳ್ಳ ಮೌಲ್ಯಗಳನ್ನು ಸಂಖ್ಯೆಯ ಅಥವಾ ಅಕ್ಷರಸಾಲಿನ ಉಪಜಾತಿಯಾಗಿಸದೆ ಪ್ರತ್ಯೇಕ ವಸ್ತುವಾಗಿಸುವುದು ಕ್ಷೇಮಕರ. ಮೂರನೆಯ ಮಾರ್ಗದಲ್ಲಿ ಈ ತೊಡಕಿಲ್ಲ.

3. ಕಾಲನಿರ್ದೇಶ

ಸುರಪುರ ಸೀಮೆಯಲ್ಲಿ ದೊರೆತುದೆಂದು ಉದಾಹರಣೆಗಾಗಿ ಕಲ್ಪಿಸಿದ ಒಂದು ಪ್ರತಿಯ ಕೊನೆಯಲ್ಲಿ ಶಕ ೧೭೭೯ನೆಯ ಪಿಂಗಳ ಸಂವತ್ಸರದ ಮಾಘ ಬಹುಳವೆಂದಿರಲಿ. ಸೂಚಿಯನ್ನು ಗಣಕಕ್ಕೇರಿಸುವವನು ಶಕವರ್ಷಕ್ಕೆ 78ನ್ನು ಕೂಡಿಸಿ 1857 ಎಂಬ ಒಂದೇ ಸಂಖ್ಯೆಯನ್ನು ಬರೆದನೆನ್ನೋಣ. ಶಕ 1779 ಎಂಬುದು 1857ರ ಮಾರ್ಚ್ ಕೊನೆಯಿಂದ 1858ರ ಮಾರ್ಚ್ ಮಧ್ಯದವರೆಗೆ ವ್ಯಾಪಿಸಿದೆ. ಮಾಘ ಬಹುಳವು 1858ರ ಜನವರಿಯ ಕೊನೆ ಹಾಗೂ ಫೆಬ್ರುವರಿಯ ಮೊದಲರ್ಧಕ್ಕೆ ಬರುತ್ತದೆ. ರಾಜಾ ವೆಂಕಟಪ್ಪ ನಾಯಕನು ಇಂಗ್ಲಿಷರ ಸೈನ್ಯದೊಡನೆ ಹೋರಿದುದೂ ಸುರಪುರವು ಅವರ ವಶವಾದುದೂ ಇದೇ 1858ರ ಫೆಬ್ರುವರಿಯಲ್ಲಿ. ಕೋಟೆ ಕೈತಪ್ಪುತ್ತಿದ್ದ ಪಕ್ಷದಲ್ಲಿಯೇ ಬರೆದು ಮುಗಿದ ಪ್ರತಿಯನ್ನು ಹಿಂದಿನ ವರ್ಷದ ಶಾಂತಕಾಲದ ಪ್ರತಿಯೆಂದು ಸೂಚಿಯು ಸಾರುವಂತಾಗುತ್ತದೆ. ಓಲೆಯು ತಪ್ಪು ಹೇಳಿಲ್ಲ, ಲಿಪಿಕಾರನೂ ತಪ್ಪು ಬರೆದಿಲ್ಲ. ಬರಹಕ್ಕಿಳಿಸಿದ ನಿಯಮವು ಸಂಗತಿಯನ್ನು ಅಳಿಸಿತು.

ಇಂಥ ಸಂದೇಹವು ಮಹಾಗ್ರಂಥಗಳ ವಿಷಯದಲ್ಲಿಯೂ ಇದೆ. ಜಯಧವಲೆಯ ಪ್ರಶಸ್ತಿಯು ಶಕನೃಪನ 759 ವರ್ಷಗಳು ಕಳೆದ ಬಳಿಕ ಫಾಲ್ಗುಣ ಶುಕ್ಲ ದಶಮಿಯಂದು ವ್ಯಾಖ್ಯಾನವು ಸಮಾಪ್ತವಾಯಿತೆಂದು ತಿಳಿಸುತ್ತದೆ. 78ನ್ನು ಕೂಡಿಸಿದ 837 ಎಂಬ ವರ್ಷವೇ ಹಲವು ಕಡೆ ಮುದ್ರಿತವಾಗಿದೆ. ಗತಶಕವೆಂದು ಹಿಡಿದು ಫಾಲ್ಗುಣವನ್ನು ಗಣಿಸಿದರೆ ಅದು 838ರ ಆರಂಭದ ತಿಂಗಳುಗಳಿಗೆ ಬೀಳುತ್ತದೆ. ವರ್ಷವೊಂದನ್ನೇ ಸಂಖ್ಯೆಯಾಗಿ ಇಳಿಸಿದ ದಾಖಲೆಯಿಂದ ಈ ಚರ್ಚೆಯನ್ನು ಮತ್ತೆ ಎತ್ತಲು ಮಾರ್ಗವೇ ಇರುವುದಿಲ್ಲ.

ಆದುದರಿಂದ ಕಾಲನಿರ್ದೇಶವನ್ನು ಒಂದು ಸಂಖ್ಯೆಯಾಗಿಸದೆ ಜೋಡಿಗಳ ಸಮೂಹವಾಗಿಸಬೇಕು. ಜೇಸನ್ ಬರಹದಲ್ಲಿ ಹೆಸರುಗಳೂ ಕನ್ನಡದಲ್ಲಿರಲು ಅಡ್ಡಿಯಿಲ್ಲ. ಮೇಲಿನ ಕಲ್ಪಿತ ಪ್ರತಿಯ ನಮೂದು ಹೀಗಿರಬಹುದು:

{
"ಜಾತಿ": "ಕಾಲನಿರ್ದೇಶ",
"ಪ್ರತಿಯಲ್ಲಿರುವಂತೆ": "ಶಕ ೧೭೭೯ನೆಯ ಪಿಂಗಳ ಸಂವತ್ಸರದ ಮಾಘ ಬಹುಳ",
"ಗಣನೆ": "ಗತಶಕ",
"ಶಕವರ್ಷ": 1779,
"ಸಂವತ್ಸರ": "ಪಿಂಗಳ",
"ಕ್ರಿಸ್ತಶಕ ಮೊದಲು": "1858-01",
"ಕ್ರಿಸ್ತಶಕ ಕೊನೆ": "1858-02",
"ಪರಿವರ್ತನೆ": "ಸೂಚಿಕಾರನದು"
}

ಪ್ರತಿಯ ಮಾತು ಒಂದು ಕಡೆ, ಸೂಚಿಕಾರನ ಊಹೆ ಇನ್ನೊಂದು ಕಡೆ ನಿಲ್ಲುವುದು ಈ ರೂಪದ ಮುಖ್ಯ ಗುಣ. ವೀರನಿರ್ವಾಣ ಸಂವತ್, ವಿಕ್ರಮ ಸಂವತ್, ಹಿಜರಿ, ನಿಜಾಮನ ಆಡಳಿತದ ಕಾಗದಗಳಲ್ಲಿ ಬರುವ ಫಸಲಿ, ಇವೆಲ್ಲಕ್ಕೂ ಇದೇ ಚೌಕಟ್ಟು ಸಾಲುತ್ತದೆ.

ಆಧುನಿಕ ದಿನಾಂಕಗಳಲ್ಲಿಯೂ ಎಚ್ಚರ ಬೇಕು. ಜಾವಾಸ್ಕ್ರಿಪ್ಟಿನ ದಿನಾಂಕವಸ್ತುವು ರೂಢಿಯಂತೆ ಗ್ರೀನಿಚ್ ಕಾಲಮಾನಕ್ಕೆ ತಿರುಗಿ ಬರಹಕ್ಕಿಳಿಯುತ್ತದೆ. ಭಾರತದ ಗಡಿಯಾರವು ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ಭಾರತದಲ್ಲಿ 1956ರ ನವೆಂಬರ್ 1ರ ಮಧ್ಯರಾತ್ರಿಯೆಂದು ಇಟ್ಟ ದಿನವು ಅಕ್ಟೋಬರ್ 31ರ ಸಂಜೆ ಆರೂವರೆಯಾಗಿ ಬರೆಯಲ್ಪಡುತ್ತದೆ. ರಾಜ್ಯಗಳ ಪುನರ್ವಿಂಗಡಣೆಯಾಗಿ ಸುರಪುರ, ಶಹಾಪುರ, ಯಾದಗಿರಿಗಳು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ದಿನವೇ ಒಂದು ದಿನ ಹಿಂದಕ್ಕೆ ಸರಿದಂತಾಯಿತು. ಗಂಟೆ ಬೇಡವಾದ ದಿನಾಂಕವನ್ನು ಅಕ್ಷರಗಳ ಸಾಲಾಗಿಯೇ ಬರೆಯುವುದು ಇದಕ್ಕೆ ಪರಿಹಾರ.

4. ಸಂಖ್ಯೆ

ಜೇಸನ್ ಬರಹದ ಸಂಖ್ಯೆಯಲ್ಲಿ 0 ಮೊದಲಾಗಿ 9 ಕೊನೆಯಾದ ಅಂಕೆಗಳಿಗೆ ಮಾತ್ರ ಸ್ಥಾನವಿದೆ. ಕನ್ನಡದ ೮೪ ಎಂಬುದನ್ನು ಉದ್ಧರಣ ಚಿಹ್ನೆಗಳಿಲ್ಲದೆ ಬರೆದರೆ ಇಡೀ ಬರಹವೇ ಅಸಾಧುವಾಗುತ್ತದೆ. ಓಲೆಯ ಅಂಚಿನಲ್ಲಿ ಲಿಪಿಕಾರನು ಬರೆದ ಗರಿಯ ಅಂಕವನ್ನು ಅಕ್ಷರಸಾಲಾಗಿಯೂ ಗಣನೆಗೆ ಬೇಕಾದ ಅಂಕವನ್ನು ಸಂಖ್ಯೆಯಾಗಿಯೂ ಬೇರೆಬೇರೆಯಾಗಿ ಇಡುವುದು ಯುಕ್ತ. ಲಿಪಿಕಾರನು ಒಂದೇ ಅಂಕವನ್ನು ಎರಡು ಗರಿಗಳಿಗೆ ಬರೆದಿರುವುದುಂಟು. ಎರಡನ್ನೂ ಉಳಿಸಿಕೊಂಡರೆ ಮಾತ್ರ ಆ ಸ್ಖಲನವು ಮುಂದಿನ ಸಂಶೋಧಕನಿಗೆ ಕಾಣಿಸೀತು.

ಮೊದಲಲ್ಲಿ ಉಲ್ಲೇಖಿಸಿದ 29 ಅಂಕೆಗಳ ಸಂಖ್ಯೆಯು ಇನ್ನೊಂದು ತೊಡಕನ್ನು ತೋರಿಸುತ್ತದೆ. ಪೈಥಾನ್ ಭಾಷೆಯು ಆ ಅಂಕೆಗಳನ್ನೆಲ್ಲ ಪೂರ್ಣವಾಗಿ ಬರೆಯುತ್ತದೆ. ಅದೇ ಬರಹವನ್ನು ಜಾವಾಸ್ಕ್ರಿಪ್ಟ್ ಸಾಮಾನ್ಯ ಸಂಖ್ಯೆಯಾಗಿ ಓದಿ ಮತ್ತೆ ಬರೆದರೆ 16 ಅಂಕೆಗಳ ಘಾತರೂಪ ಮಾತ್ರ ಉಳಿಯುತ್ತದೆ. ಆ ಭಾಷೆಯ ಸಾಮಾನ್ಯ ಸಂಖ್ಯೆಯಲ್ಲಿ 9007199254740992ರಿಂದ ಆಚೆಗೆ ಪೂರ್ಣಾಂಕಗಳೆಲ್ಲವೂ ಯಥಾವತ್ತಾಗಿ ನಿಲ್ಲುವುದಿಲ್ಲ. ಗೊಮ್ಮಟಸಾರದ ಸಂಖ್ಯೆಯಿಂದ ಒಂದನ್ನು ಕಳೆದು ಬರೆದುಕೊಟ್ಟರೂ ಅದು ಕಳೆಯದ ಸಂಖ್ಯೆಯನ್ನೇ ಓದುತ್ತದೆ. ಕರ್ಮಗ್ರಂಥಗಳ ಹಾಗೂ ಲೋಕವಿಭಾಗ ಗ್ರಂಥಗಳ ಗಣಿತವನ್ನು ದಾಖಲಿಸುವಲ್ಲಿ ಇದು ಸಣ್ಣ ಮಾತಲ್ಲ. ಮಹಾಸಂಖ್ಯೆಗಳನ್ನು ಉದ್ಧರಣ ಚಿಹ್ನೆಗಳೊಳಗೆ ಅಕ್ಷರಸಾಲಾಗಿ ಬರೆಯಬೇಕೆಂಬ ನಿಯಮವನ್ನು ಮೊದಲೇ ಮಾಡಿಕೊಳ್ಳಬೇಕು.

5. ಸ್ಥಳನಾಮ

ಶೋರಾಪುರ ತಾಲ್ಲೂಕು, ಗುಲ್ಬರ್ಗ ಜಿಲ್ಲೆ ಎಂದು ಹಳೆಯ ಸೂಚಿಯೊಂದರಲ್ಲಿ ಇದ್ದರೆ ಅದು ಆ ಕಾಲಕ್ಕೆ ಸರಿಯಾದ ನಿರ್ದೇಶವೇ. ಯಾದಗಿರಿ ಜಿಲ್ಲೆಯು 2009-10ರಲ್ಲಿ ಗುಲ್ಬರ್ಗ ಜಿಲ್ಲೆಯಿಂದ ಬೇರ್ಪಟ್ಟಿತು. ಗುಲ್ಬರ್ಗವು 2014ರ ನವೆಂಬರಿನಲ್ಲಿ ಕಲಬುರಗಿಯಾಯಿತು. ಅನಂತರ ಸುರಪುರ ತಾಲ್ಲೂಕಿನಿಂದ ಹುಣಸಗಿಯೂ ಶಹಾಪುರ ತಾಲ್ಲೂಕಿನಿಂದ ವಡಗೇರಾವೂ ಯಾದಗಿರಿ ತಾಲ್ಲೂಕಿನಿಂದ ಗುರುಮಠಕಲ್ಲೂ ಹೊಸ ತಾಲ್ಲೂಕುಗಳಾದವು. ಯಂತ್ರವು ಹಳೆಯ ಹೆಸರುಗಳನ್ನು ಹುಡುಕಿ ಹೊಸ ಹೆಸರುಗಳನ್ನು ತುಂಬಿಬಿಟ್ಟರೆ ಹಳೆಯ ಸೂಚಿಯ ಸಾಕ್ಷ್ಯ ನಾಶವಾಗುತ್ತದೆ. ತುಂಬದೆ ಬಿಟ್ಟರೆ ಒಂದೇ ಊರಿನ ಪ್ರತಿಗಳು ನಾಲ್ಕು ಊರುಗಳ ಪ್ರತಿಗಳಂತೆ ಚದುರುತ್ತವೆ. ಇದನ್ನು ತಪ್ಪಿಸಲು ಪ್ರತಿಯೊಂದು ಊರಿಗೂ ಬದಲಾಗದ ಒಂದು ಗುರುತುಸಂಖ್ಯೆಯನ್ನಿತ್ತು, ಬರಹದಲ್ಲಿ ಆ ಗುರುತನ್ನೂ ಆಕರದಲ್ಲಿದ್ದ ಹೆಸರನ್ನೂ ಒಟ್ಟಿಗೆ ಇಳಿಸಬೇಕು. ಇಂದಿನ ತಾಲ್ಲೂಕು, ಜಿಲ್ಲೆಗಳ ಹೆಸರು ಊರುಗಳ ಪ್ರತ್ಯೇಕ ಪಟ್ಟಿಯಲ್ಲಿ ಇರಲಿ.

6. ಇಲ್ಲ ಎಂಬುದರ ಭೇದಗಳು

ಬರಹಕ್ಕಿಳಿಸುವ ನಿಯಮಗಳಲ್ಲಿ ಅತ್ಯಂತ ಗಹನವಾದುದು ಶೂನ್ಯಸೂಚಕದ ವಿಚಾರ. ಪ್ರತಿಯೊಂದರ ಲಿಪಿಕಾರನ ಹೆಸರು ಸೂಚಿಯಲ್ಲಿ ಇಲ್ಲವೆಂದರೆ ಅದಕ್ಕೆ ಕನಿಷ್ಠ ನಾಲ್ಕು ಕಾರಣಗಳಿರಬಹುದು. ಲಿಪಿಕಾರನು ಹೆಸರನ್ನು ಬರೆಯದೆ ಇದ್ದಿರಬಹುದು. ಬರೆದ ಗರಿ ಮುರಿದು ಅಥವಾ ಹುಳು ತಿಂದು ಹೋಗಿರಬಹುದು. ಗರಿ ಇದ್ದು ಅಕ್ಷರಗಳು ಓದಲು ಬಾರದೆ ಇರಬಹುದು. ಸೂಚಿಕಾರನು ಆ ಗರಿಯನ್ನು ಇನ್ನೂ ಪರಿಶೀಲಿಸದೆ ಇರಬಹುದು. ಯಂತ್ರದ ರೂಢಿಯು ಈ ನಾಲ್ಕನ್ನೂ ನಲ್ ಎಂಬ ಒಂದೇ ಪದದಲ್ಲಿ ಅಡಗಿಸುತ್ತದೆ. ಬರಹವನ್ನು ಚಿಕ್ಕದಾಗಿಸುವ ಉದ್ದೇಶದಿಂದ ಶೂನ್ಯವಿರುವ ಹೆಸರುಗಳನ್ನೇ ಕೈಬಿಡುವ ನಿಯಮವನ್ನು ಅಳವಡಿಸಿದ್ದರೆ ಆ ಪದವೂ ಉಳಿಯುವುದಿಲ್ಲ.

ಇದರ ಫಲವು ಗಂಭೀರವಾದುದು. ಹೆಸರೇ ಇಲ್ಲದ ಪ್ರತಿಯನ್ನು ಮತ್ತೆ ಹುಡುಕಿಹೋಗುವ ಅಗತ್ಯವಿಲ್ಲ. ಓದಲು ಬಾರದ ಗರಿಯನ್ನಾದರೋ ಹೊಸ ಛಾಯಾಗ್ರಹಣ ವಿಧಾನದಿಂದ ನಾಳೆ ಓದಬಹುದು. ಪರಿಶೀಲಿಸದೆ ಉಳಿದ ಗರಿಯನ್ನು ನೋಡಲು ಒಬ್ಬ ವಿದ್ವಾಂಸನು ಒಂದು ದಿನ ಹಳ್ಳಿಗೆ ಹೋದರೆ ಸಾಕು. ನಾಲ್ಕೂ ಒಂದೇ ಆಗಿಬಿಟ್ಟರೆ ಯಾವ ಮನೆಗೆ ಮತ್ತೆ ಹೋಗಬೇಕೆಂಬುದೇ ತಿಳಿಯದು. ಅಷ್ಟರಲ್ಲಿ ಗೆದ್ದಲು ತನ್ನ ಕೆಲಸವನ್ನು ಮುಗಿಸಿರುತ್ತದೆ.

ಸಪ್ತಭಂಗಿಯ ಅವಕ್ತವ್ಯವನ್ನು ಓದಲಾಗದ ಗರಿಗೆ ಸಮೀಕರಿಸುವುದು ಶಾಸ್ತ್ರಸಮ್ಮತವಲ್ಲ. ಆದರೆ ನಾಸ್ತಿ ಎಂದು ಹೇಳುವ ಮುನ್ನ ಯಾವ ಅಪೇಕ್ಷೆಯಿಂದ ನಾಸ್ತಿ ಎಂದು ಕೇಳುವ ಶಿಸ್ತು ಇಲ್ಲಿಯೂ ಬೇಕಾದುದೇ. ಬರಹದ ನಿಯಮವು ಆ ಅಪೇಕ್ಷೆಯನ್ನು ಹೇಳುವಂತಿರಬೇಕು:

{
"ಲಿಪಿಕಾರ": {
"ಸ್ಥಿತಿ": "ಅಕ್ಷರ ಅಸ್ಪಷ್ಟ",
"ಗರಿ": "೮೪",
"ಕಾಣುವ ಅಕ್ಷರಗಳು": "…ಯ್ಯನು ಬರದ"
}
}

ಇಲ್ಲವೆಂಬ ಸ್ಥಾನದಲ್ಲಿ ಒಂದು ಪದವನ್ನು ಸೇರಿಸುವುದಕ್ಕೆ ಯಂತ್ರಕ್ಕೆ ಯಾವ ಶ್ರಮವೂ ಇಲ್ಲ. ಆ ಪದವು ಯಾವುದಾಗಬೇಕೆಂದು ಹೇಳಬಲ್ಲವನು ಓಲೆಯನ್ನು ಕೈಯಲ್ಲಿ ಹಿಡಿದವನು ಮಾತ್ರ.

7. ಅನುಕ್ರಮ, ದ್ವಿರುಕ್ತಿ, ಅನ್ಯೋನ್ಯಾಶ್ರಯ

ಜೇಸನ್ ಪ್ರಮಾಣದಂತೆ ಹೆಸರು-ಮೌಲ್ಯಗಳ ಸಮೂಹದಲ್ಲಿ ಹಿಂದುಮುಂದಿನ ಕ್ರಮಕ್ಕೆ ಅರ್ಥವಿಲ್ಲ. ಕ್ರಮವು ಅರ್ಥವತ್ತಾಗಿರುವುದು ಪಟ್ಟಿಯಲ್ಲಿ ಮಾತ್ರ. ಗರಿಗಳನ್ನು ಅವುಗಳ ಅಂಕವನ್ನೇ ಹೆಸರಾಗಿಸಿ ಸಮೂಹದಲ್ಲಿಟ್ಟರೆ ಆ ಅಂಕಗಳು ಅಕ್ಷರಸಾಲುಗಳಾಗಿ ಮಾರ್ಪಡುತ್ತವೆ. ಅವನ್ನು ಅಕಾರಾದಿಯಂತೆ ಜೋಡಿಸುವ ಪ್ರೋಗ್ರಾಂ 10ನೆಯ ಗರಿಯನ್ನು 2ನೆಯದಕ್ಕಿಂತ ಮುಂಚೆ ಇಡುತ್ತದೆ. ಕಟ್ಟು ಬಿಚ್ಚಿ ಚೆಲ್ಲಿದ ಓಲೆಗಳ ಗತಿಯೇ ಆಗುತ್ತದೆ. ಆದಕಾರಣ ಗರಿಗಳಿಗೆ ಪಟ್ಟಿಯೇ ಯೋಗ್ಯ. ಕಟ್ಟಿನಲ್ಲಿ ಈಗ ಇರುವ ಕ್ರಮ, ಪಾಠದಂತೆ ಇರಬೇಕಾದ ಕ್ರಮ ಎರಡೂ ಬೇರೆಯಾಗಿದ್ದರೆ ಎರಡು ಪಟ್ಟಿಗಳು ಬೇಕು.

ಒಂದೇ ಸಮೂಹದಲ್ಲಿ ಒಂದೇ ಹೆಸರು ಎರಡು ಸಲ ಬಂದರೆ ಪೈಥಾನ್ ಮೊದಲಾದ ಭಾಷೆಗಳು ಓದುವಾಗ ಕೊನೆಯದನ್ನು ಮಾತ್ರ ಉಳಿಸಿಕೊಳ್ಳುತ್ತವೆ. ಇಬ್ಬರು ಲಿಪಿಕಾರರು ಬರೆದ ಪ್ರತಿಯಲ್ಲಿ ಮೊದಲಿನವನು ಮಾಯವಾಗುವುದು ಹೀಗೆ. ಇದಕ್ಕೂ ಪಟ್ಟಿಯೇ ಪರಿಹಾರ.

ಮೂಲ ಮತ್ತು ವ್ಯಾಖ್ಯಾನಗಳ ಸಂಬಂಧವು ಬೇರೊಂದು ತೊಡಕನ್ನು ತರುತ್ತದೆ. ಕೇಶವವರ್ಣಿಯು 1359ರಲ್ಲಿ ಮುಗಿಸಿದ ಕನ್ನಡ ವೃತ್ತಿಯ ದಾಖಲೆಯು ಮೂಲವಾದ ಗೊಮ್ಮಟಸಾರವನ್ನು ಸೂಚಿಸುತ್ತದೆ. ಗೊಮ್ಮಟಸಾರದ ದಾಖಲೆಯು ತನ್ನ ವ್ಯಾಖ್ಯಾನಗಳ ಸಾಲಿನಲ್ಲಿ ಆ ವೃತ್ತಿಯನ್ನು ಸೂಚಿಸುತ್ತದೆ. ಮೂಲವನ್ನು ಬರೆಯಲು ಹೊರಟ ಯಂತ್ರವು ಅದರೊಳಗೆ ವೃತ್ತಿಯನ್ನೂ, ವೃತ್ತಿಯೊಳಗೆ ಮತ್ತೆ ಮೂಲವನ್ನೂ ಕಂಡು ಅನವಸ್ಥೆಯಲ್ಲಿ ಸಿಲುಕುತ್ತದೆ. ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್ ಎರಡೂ ಈ ಚಕ್ರವನ್ನು ಗುರುತಿಸಿ ದೋಷಸೂಚನೆಯನ್ನು ಕೊಡುತ್ತವೆ. ಪರಿಹಾರವು ಸುಲಭವಾದುದು: ಒಳಗಿನ ಕೃತಿಯನ್ನು ಪೂರ್ಣವಾಗಿ ಬರೆಯದೆ ಅದರ ಗುರುತುಸಂಖ್ಯೆಯನ್ನು ಮಾತ್ರ ಬರೆಯಬೇಕು.

8. ಲಿಪಿ

ಕನ್ನಡದ ಅಕ್ಷರಗಳು ಯೂನಿಕೋಡ್ ಪ್ರಮಾಣದಲ್ಲಿ ತಮ್ಮದೇ ಸ್ಥಾನಗಳನ್ನು ಪಡೆದಿವೆ. ಹಳಗನ್ನಡದ ಱಕಾರ, ೞಕಾರಗಳೂ ಅಲ್ಲಿವೆ. ೞಕಾರಕ್ಕೆ ಆ ಪ್ರಮಾಣದಲ್ಲಿ ಫಕಾರವೆಂಬ ಇಂಗ್ಲಿಷ್ ಹೆಸರು ತಪ್ಪಾಗಿ ಬಿದ್ದು, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ಅಲ್ಲಿಯ ನಿಯಮದಿಂದ ಹಾಗೆಯೇ ಉಳಿದಿದೆ. ಸ್ಥಾನಸಂಖ್ಯೆ ಸರಿಯಾಗಿರುವುದರಿಂದ ಬರಹಕ್ಕೆ ಬಾಧಕವಿಲ್ಲ. ಪೈಥಾನ್ ರೂಢಿಯಂತೆ ಕನ್ನಡ ಅಕ್ಷರಗಳನ್ನು ನೇರವಾಗಿ ಬರೆಯದೆ ಅವುಗಳ ಸ್ಥಾನಸಂಖ್ಯೆಯ ಸಂಕೇತಗಳನ್ನು ಬರೆಯುತ್ತದೆ. ಯಂತ್ರಕ್ಕೆ ಅದರಿಂದ ಹಾನಿಯಿಲ್ಲದಿದ್ದರೂ ವಿದ್ವಾಂಸನು ಕಣ್ಣಿಂದ ಓದಿ ತಿದ್ದಲಾರನು. ಎನ್‌ಶೂರ್-ಆಸ್ಕಿ ಎಂಬ ಸೂಚನೆಯನ್ನು ನಿಷೇಧಿಸಿದರೆ ಅಕ್ಷರಗಳು ಅಕ್ಷರಗಳಾಗಿಯೇ ಬರುತ್ತವೆ.

ಒಕಾರದ ಕಾಗುಣಿತವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ, ಎಕಾರ ಮತ್ತು ಊಕಾರಗಳ ಎರಡು ಚಿಹ್ನೆಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರದ ಹೋಲಿಕೆಯಲ್ಲಿ ಬೇರೆ. ಬರಹಕ್ಕಿಳಿಸುವ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ನಿಯಮವಿಲ್ಲದಿದ್ದರೆ ಗೊಮ್ಮಟಸಾರವನ್ನು ಹುಡುಕಿದವನಿಗೆ ಅರ್ಧದಷ್ಟು ಪ್ರತಿಗಳು ದೊರೆಯದೆ ಹೋಗಬಹುದು.

ಭಾಷೆ ಮತ್ತು ಲಿಪಿಗಳನ್ನು ಒಂದೇ ನಮೂದಿನಲ್ಲಿ ಬೆರೆಸುವುದೂ ಅಪಾಯಕರ. ಮೊದಲು ಸುರಪುರ ತಾಲ್ಲೂಕಿಗೆ ಸೇರಿದ್ದು ಈಗ ಹುಣಸಗಿಗೆ ಸೇರಿರುವ ಕೊಡೇಕಲ್ಲಿನ ಬಸವಣ್ಣನ ಪರಂಪರೆಯಲ್ಲಿ ಅಮರಗನ್ನಡವೆಂಬ ಗೂಢಲಿಪಿಯ ಬಳಕೆಯಿದೆ. ಭಾಷೆ ಕನ್ನಡ, ಲಿಪಿ ಮಾತ್ರ ಬೇರೆ. ಸಂಸ್ಕೃತ, ಪ್ರಾಕೃತ ಗ್ರಂಥಗಳನ್ನು ಹಳಗನ್ನಡ ಲಿಪಿಯ ಓಲೆಗಳಲ್ಲಿ ಕಂಡ ಜೈನ ವಿದ್ವಾಂಸರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಯಂತ್ರಕ್ಕಾದರೋ ಎರಡು ಪ್ರತ್ಯೇಕ ಹೆಸರುಗಳಲ್ಲಿ ಹೇಳಬೇಕು.

9. ಒಂದೇ ದಾಖಲೆ, ಹಲವು ಬರಹಗಳು

ಅನಂತಧರ್ಮಾತ್ಮಕವಾದ ವಸ್ತುವನ್ನು ಯಾವುದೇ ಮಾತು ಒಂದು ನಯದಿಂದಲೇ ಹೇಳಬೇಕಾಗುತ್ತದೆ. ದಾಖಲೆಯನ್ನು ಬರಹಕ್ಕಿಳಿಸುವುದೂ ಅಂತೆಯೇ. ಸಂಪಾದಕನಿಗೆ ಆದಿ, ಅಂತ್ಯ, ಪಾಠಾಂತರಗಳು ಬೇಕು. ಸಂರಕ್ಷಕನಿಗೆ ಗರಿಯ ಅಳತೆಯೂ ಹು­ಳುಬಾಧೆಯೂ ಬೇಕು. ಸಾರ್ವಜನಿಕ ಸೂಚಿಗೆ ಕೃತಿ, ಕರ್ತೃ, ಲಿಪಿ ಸಾಕು. ಮನೆಯೊಂದರ ಜಗಲಿಯ ಮೇಲೋ ಅಟ್ಟದಲ್ಲೋ ಇರುವ ಪ್ರತಿಯ ಒಡೆಯನ ಹೆಸರು, ಬೀದಿ, ಮನೆಯ ಗುರುತುಗಳು ಸಾರ್ವಜನಿಕ ಬರಹಕ್ಕೆ ಇಳಿಯಲೇಬಾರದು. ಹಳೆಯ ಓಲೆಗಳಿಗೂ ಚಿತ್ರಗಳಿಗೂ ಬೆಲೆ ಕಟ್ಟುವವರು ಇರುವ ಕಾಲದಲ್ಲಿ ವಿಶ್ವಾಸದಿಂದ ಬಾಗಿಲು ತೆರೆದವರನ್ನು ಕಳ್ಳರಿಗೆ ತೋರಿಸಿಕೊಟ್ಟಂತಾದೀತು.

ಈ ಕಾರ್ಯದಲ್ಲಿ ಬಿಡಬೇಕಾದುದನ್ನು ಹೇಳುವ ನಿಯಮಕ್ಕಿಂತ ಬರೆಯಬೇಕಾದುದನ್ನು ಮಾತ್ರ ಹೇಳುವ ನಿಯಮವು ಮೇಲು. ಬಿಡುವ ಪಟ್ಟಿಯಿದ್ದರೆ ನಾಳೆ ದಾಖಲೆಗೆ ಸೇರಿದ ಹೊಸ ಗುಪ್ತಾಂಶವು ಪಟ್ಟಿಯಲ್ಲಿಲ್ಲದ ಕಾರಣ ಹೊರಬೀಳುತ್ತದೆ. ಬರೆಯುವ ಪಟ್ಟಿಯಿದ್ದರೆ ಅದು ತಾನಾಗಿ ಒಳಗೇ ಉಳಿಯುತ್ತದೆ. ಜಾವಾಸ್ಕ್ರಿಪ್ಟಿನ ಬರಹಕಾರ್ಯಕ್ಕೆ ಬೇಕಾದ ಹೆಸರುಗಳ ಪಟ್ಟಿಯನ್ನೇ ಒಪ್ಪಿಸಬಹುದು. ಇತರ ಭಾಷೆಗಳಲ್ಲಿ ಪ್ರತಿ ನಯಕ್ಕೂ ಒಂದೊಂದು ಪರಿವರ್ತನ ಫಂಕ್ಷನನ್ನು ಬರೆದಿಡಬಹುದು. ಆದರೆ ಇಂಥ ಸಂಕ್ಷಿಪ್ತ ಬರಹದಿಂದ ಪೂರ್ಣ ದಾಖಲೆ ಮರಳಿ ಬಾರದು. ಆದುದರಿಂದ ಏನನ್ನೂ ಬಿಡದ ಪೂರ್ಣ ಬರಹವೊಂದು ಸಂಸ್ಥೆಯಲ್ಲಿ ಸುರಕ್ಷಿತವಾಗಿರಲೇಬೇಕು.

10. ಮರಳಿ ಓದುವ ಪರೀಕ್ಷೆ

ನಿಯಮವು ಸರಿಯೋ ಅಲ್ಲವೋ ಎಂಬುದಕ್ಕೆ ಒಂದೇ ಒರೆಗಲ್ಲು. ದಾಖಲೆಯನ್ನು ಬರೆದು, ಬರೆದುದನ್ನು ಓದಿಸಿ, ಓದಿ ಬಂದ ದಾಖಲೆಯನ್ನು ಮೊದಲಿನದರೊಡನೆ ಹೋಲಿಸಬೇಕು. ಪ್ರತಿಯೊಡನೆ ಮೂಲವನ್ನು ಇಟ್ಟು ತಿದ್ದುವ ಸಂಪ್ರದಾಯವೇ ಇದು. ಮರಳಿ ಓದುವಾಗ ಯಂತ್ರಕ್ಕೆ ಸಮೂಹವು ಸಮೂಹವಾಗಿಯೇ ಕಾಣುವುದರಿಂದ, ಅದು ಕಾಲನಿರ್ದೇಶವೋ ಸ್ಥಳವೋ ಎಂಬುದನ್ನು ಬರಹವೇ ಹೇಳಬೇಕು. ಮೇಲಿನ ಉದಾಹರಣೆಯಲ್ಲಿ ಜಾತಿ ಎಂಬ ಹೆಸರನ್ನು ಇಟ್ಟಿರುವುದು ಈ ಕಾರಣದಿಂದ. ಪೈಥಾನಿನಲ್ಲಿ ಆಬ್ಜೆಕ್ಟ್-ಹುಕ್ ಎಂಬ ಸ್ಥಾನದಲ್ಲಿ ಒಂದು ಫಂಕ್ಷನನ್ನು ಒಪ್ಪಿಸಿದರೆ ಅದು ಜಾತಿಯನ್ನು ನೋಡಿ ತಕ್ಕ ವಸ್ತುವನ್ನು ಕಟ್ಟಿಕೊಡುತ್ತದೆ.

ಪರೀಕ್ಷೆಗೆ ಸುಲಭವಾದ ದಾಖಲೆಗಳನ್ನು ಆರಿಸಬಾರದು. ಎರಡು ಶಕೆಗಳುಳ್ಳ ಪ್ರತಿ, ಇಬ್ಬರು ಲಿಪಿಕಾರರ ಪ್ರತಿ, ನಡುವೆ ಗರಿ ಕಳೆದ ಪ್ರತಿ, ೞಕಾರವಿರುವ ಪಾಠ, 29 ಅಂಕೆಗಳ ಸಂಖ್ಯೆ, ಮೂಲ-ವ್ಯಾಖ್ಯಾನಗಳ ಜೋಡಿ, ಇಂಥವನ್ನೇ ಆರಿಸಬೇಕು. ಇವು ಕುಂದಿಲ್ಲದೆ ಹೋಗಿ ಬಂದರೆ ಉಳಿದುವು ತಾವಾಗಿ ಬರುತ್ತವೆ.

ಕೊನೆಯದಾಗಿ, ನಿಯಮಗಳನ್ನು ಪ್ರೋಗ್ರಾಮಿನೊಳಗೆ ಮಾತ್ರ ಅಡಗಿಸಿಡದೆ ಕನ್ನಡದಲ್ಲಿ ಬರೆದು ದಾಖಲೆಗಳ ಜೊತೆಯಲ್ಲಿಯೇ ಇಡಬೇಕು; ನಿಯಮ ಬದಲಾದಾಗ ಎಷ್ಟನೆಯ ಆವೃತ್ತಿಯ ನಿಯಮದಿಂದ ಬರೆದುದೆಂಬುದು ಪ್ರತಿಯೊಂದು ದಾಖಲೆಯಲ್ಲಿಯೂ ಇರಬೇಕು. ಪ್ರೋಗ್ರಾಂ ಬರೆದವನು ಬೇರೆ ಕೆಲಸಕ್ಕೆ ಹೋಗುತ್ತಾನೆ, ಯಂತ್ರ ಹಳತಾಗುತ್ತದೆ, ಭಾಷೆಯೂ ಬದಲಾಗುತ್ತದೆ. ಕಟಪಯಾದಿಯ ನಿಯಮವು ಗುರುಶಿಷ್ಯ ಪರಂಪರೆಯಲ್ಲಿ ಉಳಿದು ಬಂದುದರಿಂದ ಹತ್ತನೆಯ ಶತಮಾನದ ಆಚಾರ್ಯನು ಗಾಥೆಯಲ್ಲಿ ಇರಿಸಿದ ಸಂಖ್ಯೆಯನ್ನು ಇಂದಿಗೂ ಒಂದಂಕೆಯೂ ತಪ್ಪದಂತೆ ಓದಬಹುದಾಗಿದೆ. ಸೂಚಿಗಳನ್ನು ಜೇಸನ್ ಬರಹಕ್ಕಿಳಿಸುವ ಸಂಸ್ಥೆಗಳು ಅಷ್ಟನ್ನು ಸಾಧಿಸಬೇಕಾದರೆ ಮೊದಲ ದಿನವೇ ಹಸ್ತಪ್ರತಿಶಾಸ್ತ್ರಜ್ಞನನ್ನು ಪ್ರೋಗ್ರಾಂ ಬರೆಯುವವನ ಪಕ್ಕದಲ್ಲಿ ಕೂರಿಸಿ, ಒಂದೊಂದು ನಮೂದಿನ ನಿಯಮವನ್ನೂ ಅವನ ಬಾಯಿಂದ ಹೇಳಿಸಿ ಬರೆಯಿಸುವುದು ಆವಶ್ಯಕ.